ಸಂಭಾಷಣೆಗೆ ಎರಡು ಅಂಕ

ನಲವತ್ತು ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಅಂಕ ಹಾಕಿದರೆ ಒಂದು ವಾರದಲ್ಲಿ ಎಲ್ಲರೂ ಮರೆಯುತ್ತಾರೆ. ಹೆಂಡತಿಗೆ ನಿಯಮದ ಪ್ರಕಾರ ಅಂಕ ಹಾಕಿದರೆ ಯಾರೂ ಮರೆಯುವುದಿಲ್ಲ. ಏಳು ವರ್ಷದಿಂದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕುಗಳಲ್ಲಿ ನಾನು ಎಲ್ಲಿ ಹೋದರೂ ಯಾರಾದರೊಬ್ಬರು ಆ ವಿಷಯ ತೆಗೆಯುತ್ತಾರೆ. ನಾನು ಹಳಿಯಾಳದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಲೆಕ್ಕ ಬಿಡಿಸುವಾಗ ಹಂತ ಬಿಡಬಾರದು ಎಂದು ಮಕ್ಕಳಿಗೆ ಹೇಳುತ್ತೇನೆ. ಆದ್ದರಿಂದ ಇಲ್ಲಿಯೂ ಮೊದಲಿನಿಂದ ಬರೆಯುತ್ತೇನೆ.

೧. ಮೊರದ ಜೊತೆ ಹೋದವನು

ಅದು ಸಾಧಾರಣ ಭಾನುವಾರ. ಬೆಳಿಗ್ಗೆ ಉಪ್ಪಿಟ್ಟು ತಿಂದು, ಸ್ಕೂಟರಿನ ಹಿಂದೆ ಹೆಂಡತಿಯನ್ನೂ ಅವಳ ತೊಡೆಯ ಮೇಲೆ ಒಂದು ಮೊರವನ್ನೂ ಎರಡು ಸೇರು ಅಕ್ಕಿಯನ್ನೂ ಕೂರಿಸಿಕೊಂಡು ದಾಂಡೇಲಿಗೆ ಹೊರಟೆ. ನಾಲ್ಕು ತಾಲೂಕುಗಳ ಹವ್ಯಾಸಿ ನಾಟಕ ಸ್ಪರ್ಧೆ ಇತ್ತು. ಹಳಿಯಾಳದ ಶಿಕ್ಷಕರ ತಂಡದಲ್ಲಿ ಅವಳಿಗೊಂದು ಪಾತ್ರ ಸಿಕ್ಕಿತ್ತು. ಸಿಕ್ಕಿತ್ತು ಎನ್ನುವುದು ಅಷ್ಟು ಸರಿಯಲ್ಲ. ಹೆಣ್ಣುಪಾತ್ರಕ್ಕೆ ಜನ ಕಡಿಮೆ ಬಿದ್ದಿದ್ದರಿಂದ ಹಿಡಿದುಕೊಂಡು ಹೋಗಿದ್ದರು. ಅವಳ ಅಕ್ಷರ ಮುತ್ತಿನಂತಿತ್ತು. ನಾಟಕದ ಪ್ರತಿಗಳನ್ನು ಎಲ್ಲ ನಟರಿಗೂ ಬರೆದುಕೊಟ್ಟವಳು ಅವಳೇ. ಸ್ಪರ್ಧೆಗೆ ನಾನು ರೂಪಿಸಿದ ಒಂಬತ್ತು ನಿಯಮಗಳನ್ನು ಶುದ್ಧಪ್ರತಿ ಮಾಡಿದವಳೂ ಅವಳೇ.

ನಾಟಕದ ಕಥೆ ಸರಳ. ಅತ್ತೆ ಸೊಸೆ ಜಗಳಾಡಿ ಒಂದೇ ಮನೆಯಲ್ಲಿ ಎರಡು ಒಲೆ ಹೂಡುತ್ತಾರೆ. ಎರಡೂ ಒಲೆಗಳ ನಡುವೆ, ರಂಗದ ಮಧ್ಯದಲ್ಲಿ, ಒಬ್ಬ ಮುದಿ ಚಿಕ್ಕಮ್ಮ ಮೊದಲಿನಿಂದ ಕೊನೆಯವರೆಗೆ ಅಕ್ಕಿ ಆರಿಸುತ್ತ ಕೂತಿರುತ್ತಾಳೆ. ಅದು ನನ್ನ ಹೆಂಡತಿ. ಅವಳಿಗೆ ಇದ್ದದ್ದು ಒಂದೇ ಮಾತು, ಅದೂ ಕಟ್ಟಕಡೆಗೆ. ಅತ್ತೆಯ ಪಾತ್ರ ಮಾಡಿದವರು ಆಗ ನಮ್ಮ ಊರಿನಲ್ಲಿದ್ದ ಒಬ್ಬ ಶಿಕ್ಷಕಿ, ಎಲ್ಲರಿಗೂ ಅಕ್ಕೋರು. ಈಗ ವರ್ಗವಾಗಿ ಮುಂಡಗೋಡ ತಾಲೂಕಿನ ಇಂದೂರಿನ ಶಾಲೆಯಲ್ಲಿದ್ದಾರೆ. ಅವರಿಗೆ ನಲವತ್ತೊಂದು ಮಾತುಗಳಿದ್ದವು.

ನಾನು ಪ್ರೇಕ್ಷಕನಾಗಿ ಮೂರನೆಯ ಸಾಲಿನಲ್ಲಿ ಕೂತಿದ್ದೆ. ನಮ್ಮ ನಾಟಕಕ್ಕೆ ಹತ್ತು ನಿಮಿಷ ಇರುವಾಗ ಸ್ಪರ್ಧೆ ನಡೆಸುತ್ತಿದ್ದ ಸಂಘದ ಕಾರ್ಯದರ್ಶಿ ಬೆವರುತ್ತ ಬಂದರು. ಧಾರವಾಡದ ತೀರ್ಪುಗಾರರು ಬಂದಿರಲಿಲ್ಲ. ಬಸ್ಸು ಅಳ್ನಾವರದ ಹತ್ತಿರ ಕೆಟ್ಟು ನಿಂತಿತ್ತಂತೆ. ಅವರು ಇನ್ನೊಂದು ಬಸ್ಸಿಗೆ ಬರಬಹುದೆಂದು, ಬೈಕ್ ಇದ್ದ ನಮ್ಮ ಡ್ರಾಯಿಂಗ್ ಮಾಸ್ತರರನ್ನು ಬಸ್ ನಿಲ್ದಾಣಕ್ಕೆ ಓಡಿಸಿದ್ದರು.

"ಸರ್, ಅಲ್ಲೀತನಕ ನೀವ ಕುಂದರ್ರಿ. ಮೂರು ಮಂದಿ ಇರಬೇಕಂತ ನಿಮ್ಮದ ನಿಯಮ ಐತಿ."

"ನಮ್ಮಾಕಿನೂ ನಾಟಕದಾಗ ಅದಾಳ್ರಿ."

"ಅದಕ್ಕ ಹೇಳೂದು. ನೀವು ಅವರಿಗೆ ಅರ್ಧ ಮಾರ್ಕು ಸುದ್ದಾ ಹೆಚ್ಚಿಗೆ ಹಾಕೂದಿಲ್ಲಂತ ನಾಕೂ ತಾಲೂಕಿಗೆ ಗೊತ್ತೈತಿ."

ಅದನ್ನು ನಾನು ಹೊಗಳಿಕೆ ಎಂದುಕೊಂಡು ಹೋಗಿ ಕೂತೆ.

ಉಳಿದ ಇಬ್ಬರು ತೀರ್ಪುಗಾರರಲ್ಲಿ ಒಬ್ಬರು ಮುಂಡಗೋಡದ ನಿವೃತ್ತ ಮುಖ್ಯಗುರುಗಳು. ಯಾರನ್ನೂ ನೋಯಿಸಬಾರದೆಂದು ಎಲ್ಲರಿಗೂ ಎಲ್ಲದಕ್ಕೂ ಹತ್ತಕ್ಕೆ ಎಂಟು ಕೊಡುವವರು. ಇನ್ನೊಬ್ಬರು ಜೋಯಿಡಾ ಕಡೆಯವರು, ರಾಮನಗರದಲ್ಲಿ ಕಿರಾಣಿ ಅಂಗಡಿ ಇಟ್ಟವರು. ಹರೆಯದಲ್ಲಿ ಕೊಂಕಣಿ ನಾಟಕ ಆಡಿಸಿದವರು. ನಾಟಕ ನಡೆಯುತ್ತಿರುವಾಗ ಅವರು ನನ್ನ ಮೊಣಕೈ ತಿವಿದರು.

"ಮಾಸ್ತರ, ಆ ಮುದುಕಿ ತುಟಿ ನೋಡ್ರಿ. ಅಕ್ಕಿ ಆರಿಸೋ ಹೆಂಗಸರು ಹಿಂಗ ತಮ್ಮಷ್ಟಕ್ಕ ತಾವ ಗುಣುಗುಣು ಅಂತಾರ. ಏನ್ ನಿಜ, ಏನ್ ನಿಜ!"

ನಾನೂ ಗಮನಿಸಿದ್ದೆ. ಹಾಳೆಯ ಅಂಚಿನಲ್ಲಿ 'ಅನಗತ್ಯ ತುಟಿ ಚಲನೆ' ಎಂದು ಬರೆದು ಆಂಗಿಕ ಅಭಿನಯದಲ್ಲಿ ಒಂದು ಅಂಕ ಕಡಿದೆ.

ಕೊನೆಯ ದೃಶ್ಯದಲ್ಲಿ ಅವಳು ತಲೆ ಎತ್ತುವುದಕ್ಕೂ ಊರಿನ ಕಾಗದದ ಮಿಲ್ಲಿನ ಭೋಂಗಾ, ಅದೇ ಪಾಳಿಯ ಸೈರನ್, ಕೂಗುವುದಕ್ಕೂ ಸರಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಅದರ ಮೇಲೆ ಕೂಗಿ ಹೇಳುತ್ತಿದ್ದರು. ಅವಳು ಮತ್ತೆ ತಲೆ ತಗ್ಗಿಸಿ ಅಕ್ಕಿ ಆರಿಸಿದಳು. ಭೋಂಗಾ ಪೂರ್ತಿ ನಿಂತಿತು. ಆಮೇಲೆ ಮೊರ ಎತ್ತಿ ಕೇಳಿದಳು: "ಅಕ್ಕಿ ಆರಿಸಿದ್ದಾತು. ಯಾರ ಒಲಿಗೆ ಹಾಕಲಿ?"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಲೆಕ್ಕ ಹಾಕಿದೆ. ಸಂಭಾಷಣೆಗೆ ಹತ್ತು ಅಂಕ. ನಲವತ್ತೊಂದು ಮಾತಾಡಿದವರಿಗೆ ನಾನು ಒಂಬತ್ತು ಕೊಟ್ಟಿದ್ದೆ. ಆ ಅನುಪಾತದಲ್ಲಿ ಒಂದು ಮಾತಿಗೆ ಕಾಲು ಅಂಕವೂ ಬರುವುದಿಲ್ಲ. ಉದಾರವಾಗಿ ಎರಡು ಕೊಟ್ಟೆ.

ಮುಖ್ಯಗುರುಗಳು ಇಬ್ಬರಿಗೂ ಐವತ್ತಕ್ಕೆ ನಲವತ್ತು ಕೊಟ್ಟಿದ್ದರು. ರಾಮನಗರದವರು ನನ್ನ ಹೆಂಡತಿಗೆ ನಲವತ್ತೇಳು, ಅಕ್ಕೋರಿಗೆ ನಲವತ್ಮೂರು. ನಾನು ಹೆಂಡತಿಗೆ ಮೂವತ್ತೇಳು, ಅಕ್ಕೋರಿಗೆ ನಲವತ್ತಾರು. ಒಟ್ಟು ನೂರಾ ಇಪ್ಪತ್ನಾಲ್ಕು, ನೂರಾ ಇಪ್ಪತ್ತೊಂಬತ್ತು. ಒಂದು ವಾರ ಮೊದಲೇ ಹುಬ್ಬಳ್ಳಿಯಲ್ಲಿ ಅಕ್ಷರ ಕೆತ್ತಿಸಿ ತಂದಿಟ್ಟಿದ್ದ 'ಅತ್ಯುತ್ತಮ ಪೋಷಕ ನಟಿ' ಕಪ್ ಅಕ್ಕೋರ ಕೈಗೆ ಹೋಯಿತು. ಎಲ್ಲ ಮುಗಿದ ಮೇಲೆ ಡ್ರಾಯಿಂಗ್ ಮಾಸ್ತರರು ಬಸ್ ನಿಲ್ದಾಣದಿಂದ ಒಬ್ಬರೇ ವಾಪಸು ಬಂದರು.

ಹೆಂಡತಿ ಮೊರ ಹಿಡಿದು ಸ್ಕೂಟರಿನ ಹಿಂದೆ ಕೂತಳು. ಹಳಿಯಾಳ ಬರುವವರೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕಿಗರೆ ಎಷ್ಟು ಕೊಟ್ರಿ?"

"ಅಕ್ಕಿಗೆ ಕಾಲಂ ಇರಲಿಲ್ಲ," ಎಂದೆ.

೨. ಸಾರಿಗೆ ಎಷ್ಟು?

ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನಾಲ್ಕು ದಿನದಲ್ಲಿ ಮುಗಿಯುತ್ತಿತ್ತು. ಮರುದಿನದಿಂದ ಊಟಕ್ಕೆ ಬಡಿಸುವಾಗ ಕೇಳತೊಡಗಿದಳು.

"ರೀ, ಇವತ್ತಿನ ಸಾರಿಗೆ ಐವತ್ತಕ್ಕ ಎಷ್ಟು?"

ನಾನು ಸುಳ್ಳು ಹೇಳುವವನಲ್ಲ. "ಮೂವತ್ತೆಂಟು."

"ಹನ್ನೆರಡು ಎಲ್ಲಿ ಹೋದ್ವು?"

"ಉಪ್ಪಿಗೆ ಎರಡು. ಸಂಭಾಷಣೆಗೆ ಹತ್ತು."

"ಸಾರು ಮಾತಾಡಬೇಕಾಗಿತ್ತೇನು?"

"ಕಾಲಂ ಇದ್ದ ಮ್ಯಾಲೆ ಖಾಲಿ ಬಿಡಾಕ ಬರೂದಿಲ್ಲ."

ಒಂದು ಸೋಮವಾರ ನಾನು ಅವಸರದಲ್ಲಿ ಶಾಲೆಗೆ ಹೊರಟೆ. ಅವಳು ಬಾಗಿಲಲ್ಲಿ ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಾಗಿಲು ಹಾಕಿಕೊಂಡಳು. ಹತ್ತನೆಯ ತರಗತಿಗೆ ಹೋಗಿ ಪೈಥಾಗೊರಸನ ಪ್ರಮೇಯ ಬರೆಯಲು ಹಲಗೆಯ ಕಡೆ ತಿರುಗಿದೆ. ಇಡೀ ತರಗತಿ ನಕ್ಕಿತು. ಪ್ರಮೇಯದಲ್ಲಿ ನಗುವಂಥದ್ದೇನೂ ಇರಲಿಲ್ಲ. ನನ್ನ ಅಂಗಿ ಒಳಗು ಹೊರಗಾಗಿತ್ತು. ಕಾಲರಿನ ಹಿಂದಿನ ದರ್ಜಿಯ ಚೀಟಿ ಎಲ್ಲರಿಗೂ ಓದಲು ಬರುತ್ತಿತ್ತು.

ಸಂಜೆ ಕೇಳಿದೆ. "ಮುಂಜಾನೆ ನೀ ನೋಡಿದ್ದಿ?"

"ನೋಡಿದ್ದೆ."

"ಹೇಳಬಾರದಾಗಿತ್ತೇನು?"

"ಹೇಳೂದು ಸಂಭಾಷಣಿ ಆತಲ್ರೀ. ಎರಡ ಮಾರ್ಕಿನ ಕೆಲಸಕ್ಕ ಯಾರು ಬಾಯಿ ತೆಗೀತಾರ?"

೩. ಹಾರ್ನು

ದಾಂಡೇಲಿಯಲ್ಲಿ ನನ್ನ ಸ್ಕೂಟರ್ ನೋಡುವ ಮೆಕ್ಯಾನಿಕ್ ಸಾಹೇಬರು ಅಂದು ಸಭಾಂಗಣದ ಹೊರಗೆ ಜನರೇಟರ್ ಕಾಯುತ್ತಿದ್ದರು. ಕಿಟಕಿಯಿಂದ ನಾಟಕ ನೋಡಿದ್ದರು. ಮುಂದಿನ ಸಲ ಗಾಡಿ ಒಯ್ದಾಗ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ಎದ್ದು ನಿಂತರು.

"ಸರ್, ಗಾಡಿ ಆಮ್ಯಾಲೆ ನೋಡ್ತೇನಿ. ಮೊದ್ಲ ಇದನ್ನ ಹೇಳ್ರಿ. ಭಾಬಿಗೆ ಕಪ್ ಯಾಕ್ ಕೊಡ್ಲಿಲ್ಲ?"

ನಾನು ಅನುಪಾತ ವಿವರಿಸಿದೆ. ನಲವತ್ತೊಂದು ಮಾತಿಗೆ ಒಂಬತ್ತಾದರೆ ಒಂದು ಮಾತಿಗೆ ಎಷ್ಟು ಎಂದು ಅವರ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೂ ತೋರಿಸಿದೆ. ಅವರು ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು.

"ಬರೋಬ್ಬರಿ ಐತ್ರಿ ಲೆಕ್ಕ. ಈಗ ನಾ ಕೇಳ್ತೇನಿ. ಈ ಗಾಡ್ಯಾಗ ಮಾತಾಡೂದು ಯಾವ್ದು?"

"ಹಾರ್ನ್."

"ನಿಮ್ಮನ್ನ ಹಳಿಯಾಳಕ್ಕ ಮುಟ್ಟಿಸೂದು?"

"ಇಂಜಿನ್."

"ಅದು ಏನರೆ ಮಾತಾಡ್ತದೇನ್ರಿ? ಆ ಅಕ್ಕೋರು ಛಲೋ ಹಾರ್ನ್ ಹೊಡದ್ರು, ನಾ ಇಲ್ಲ ಅನ್ನೂದಿಲ್ಲ. ನಾಟಕ ಎಳಕೊಂಡು ಹೋಗಿದ್ದು ಯಾರು?"

ಯಂತ್ರಕ್ಕೂ ನಟನೆಗೂ ಹೋಲಿಕೆ ಕೂಡದು ಎಂದೆ. ಅವರು ಪಾನಾ ಎತ್ತಿಕೊಂಡು ಗಾಡಿಯ ಪಕ್ಕ ಕೂತರು. ಸಂಜೆ ಹೋದಾಗ ಗಾಡಿ ಹೊಸದರ ಹಾಗೆ ಶುರುವಾಯಿತು. ಪೇಟೆಯ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಹಾರ್ನ್ ಒತ್ತಿದೆ. ಸದ್ದಿಲ್ಲ. ಎಮ್ಮೆ ತಾನಾಗಿ ಸರಿಯುವವರೆಗೆ ನಿಂತು, ವಾಪಸು ಹೋಗಿ ಕೇಳಿದೆ.

ಅವರು ತಲೆ ಎತ್ತದೆ ಹೇಳಿದರು. "ಈ ಸಲ ಬಹುಮಾನ ಇಂಜಿನ್ನಿಗೆ ಹೋಗೇತ್ರಿ ಸರ್. ಹಾರ್ನ್ ನಾಳಿ ಬರ್ರಿ, ನೋಡೂಣು."

೪. ಹದಿನೇಳರ ಮಗ್ಗಿ

ಪರೀಕ್ಷಾ ಕೆಲಸಕ್ಕೆಂದು ಜೋಯಿಡಾ ಕಡೆ ಹೋದವನು ಒಮ್ಮೆ ರಾಮನಗರದಲ್ಲಿ ಇಳಿದೆ. ಜೊತೆಯ ತೀರ್ಪುಗಾರರಾಗಿದ್ದ ಆ ಕಿರಾಣಿ ಅಂಗಡಿಯವರು ದೂರದಿಂದಲೇ ಕೂಗಿದರು. "ಯಾ ಯಾ, ಬರ್ರಿ ಮಾಸ್ತರ! ಎರಡು ಮಾರ್ಕಿನ ಮಾಸ್ತರ!" ಗೋವಾ ರಸ್ತೆಯ ಮೇಲಿನ ಅಂಗಡಿ. ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಚಹಾ ಬಂತು. ವಾದವೂ ಬಂತು. "ನಲವತ್ತು ವರ್ಷ ಅಕ್ಕಿ ಮಾರೇನಿ. ಕೆಲವರು ಆರಿಸಿದ ಹಾಂಗ ಮಾಡ್ತಾರ, ಕೆಲವರು ಆರಸ್ತಾರ. ನಿಮ್ಮ ಮನಿಯವರದು ಕಣ್ಣು ಹೋಗೂದಕ್ಕಿಂತ ಮೊದಲ ಬೆರಳು ಹೋಗ್ತಿತ್ತು. ಬ್ಯಾರೆಯವರು ಮಾತಾಡುವಾಗ ಕಿವಿ ಅಲ್ಲಿ, ಬೆರಳು ಇಲ್ಲಿ. ಸುಲಭ ಅಂತ ತಿಳಿದೀರೇನು?"

"ಕಷ್ಟ ಏನೈತ್ರಿ? ಅಕ್ಕಿ ಆರಿಸೂದು."

ಅವರು ಒಳಗಿನಿಂದ ಮೊರ ತಂದು ಒಂದು ಸೇರು ಅಕ್ಕಿ ಸುರಿದರು. "ಕುಂದರ್ರಿ. ಆರಸ್ರಿ. ಜೊತಿಗೆ ಹದಿನೇಳರ ಮಗ್ಗಿ ಹೇಳ್ರಿ. ಎರಡೂ ನಿಲ್ಲಬಾರದು."

ಇಪ್ಪತ್ತೆರಡು ವರ್ಷ ಮಗ್ಗಿ ಕಲಿಸಿದವನು ನಾನು. ಗೋಣಿಚೀಲದ ಮೇಲೆ ಕೂತು ಶುರು ಮಾಡಿದೆ. ಹದಿನೇಳೇಳಲಿ ನೂರಾ ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ನಾಲ್ಕು ಗಿರಾಕಿಗಳು ಸುತ್ತ ನಿಂತಿದ್ದರು. ನೂರಾ ಎಪ್ಪತ್ತಕ್ಕೆ ಮುಗಿಸಿ ಮೊರ ಮುಂದಿಟ್ಟೆ. ಅಂಗಡಿಯವರು ಅಂಗೈಯನ್ನು ಅಕ್ಕಿಯ ಮೇಲೆ ಒಮ್ಮೆ ಆಡಿಸಿ ಒಂದೊಂದಾಗಿ ಏಳು ಹರಳು ತೆಗೆದು ತಕ್ಕಡಿಯ ತಟ್ಟೆಯಲ್ಲಿ ಇಟ್ಟರು. ಗಿರಾಕಿಗಳ ಕಡೆ ತಿರುಗಿ ತೀರ್ಪು ಹೇಳಿದರು.

"ಮಗ್ಗಿಗೆ ಹತ್ತಕ್ಕ ಹತ್ತು. ಅಕ್ಕಿಗೆ ಎರಡು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಕ್ಕಳು. "ಆರಸ್ತಾ ಮಾತಾಡೂದು ಕಷ್ಟ ಐತಲ್ರೀ?" ಎಂದು ಕೇಳಿ ಮತ್ತೆ ನಕ್ಕಳು. ಕಣ್ಣಲ್ಲಿ ನೀರು ಬಂದು ಸೆರಗಿನಿಂದ ಒರೆಸಿಕೊಳ್ಳುವಷ್ಟು ನಕ್ಕಳು. ಏಳು ಹರಳಿಗೆ ಇಷ್ಟು ನಗು ಸ್ವಲ್ಪ ಹೆಚ್ಚಾಯಿತು ಎಂದು ನನಗೆ ಅನ್ನಿಸಿತ್ತು.

೫. ಒಂಬತ್ತನೆಯ ನಿಯಮ

ಹೋದ ವರ್ಷ ಚೌತಿಗೆ ಎರಡು ವಾರ ಮೊದಲು ಅವಳು ತೀರಿಕೊಂಡಳು. ಆಗ ನಾನು ಮೂರನೆಯ ಪಿರಿಯಡ್‌ನಲ್ಲಿದ್ದೆ.

ಈ ವರ್ಷದ ಒಂದು ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಸಾಹೇಬರು ಸ್ಕೂಟರಿನ ಬ್ಯಾಟರಿ ಬದಲಿಸಲು ಮನೆಗೆ ಬಂದಿದ್ದರು. ಅಷ್ಟರಲ್ಲಿ ಇಂದೂರಿನ ಅಕ್ಕೋರು ಬಂದರು. ಬಗಲಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟು. ನೀರು ಕುಡಿದು, ಗಂಟನ್ನು ಮೇಜಿನ ಮೇಲಿಟ್ಟರು.

"ಸರ್, ಇದು ಕಪ್. ನಂದಲ್ಲ. ತಗೋರಿ."

"ಅಕ್ಕೋರ, ಅಂಕದ ಪ್ರಕಾರ ನಿಮ್ಮದ. ಐದು ಅಂಕದ ಅಂತರ ಐತಿ."

"ಅಂಕ ಹಾಳಾಗಲಿ. ಆ ದಿನ ನನಗ ಹತ್ತನೇ ಮಾತಿನ ಮ್ಯಾಲೆ ಒಂದಕ್ಷರ ನೆನಪಿರಲಿಲ್ಲ. ಮಾತು ಹೇಳಿಕೊಡಬೇಕಾದವರು ಡ್ರಾಯಿಂಗ್ ಮಾಸ್ತರರು. ಅವರನ್ನ ಕಾರ್ಯದರ್ಶಿ ಬಸ್ ಸ್ಟ್ಯಾಂಡಿಗೆ ಕಳಿಸಿದ್ರು. ನಾಟಕದ ಪ್ರತಿ ಅವರ ಕಿಸೆದಾಗ ಇತ್ತು. ಪರದೆ ಕಡೆ ನೋಡಿದ್ರ ಬರೇ ಸ್ಟೂಲ್! ಆವಾಗ ಮೊರದಾಗಿಂದ ನನ್ನ ಮಾತು ಬಂತ್ರಿ."

"ಮೊರದಾಗಿಂದ?"

"ನಿಮ್ಮ ಮನಿಯವರು. ತಲಿ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಮೊದ್ಲ ಅವರು ಸಣ್ಣಗ ಹೇಳೂದು, ಆಮ್ಯಾಲೆ ನಾವು ದೊಡ್ಡದಾಗಿ ಹೇಳೂದು. ಬರೇ ನಂದಲ್ರಿ. ಸೊಸೀದು, ಮಾವಂದು, ಎಲ್ಲಾರದೂ. ಎಲ್ಲಾ ಪ್ರತಿ ಬರದವರು ಅವರ ಅಲ್ಲ? ಇಡೀ ನಾಟಕ ಬಾಯಿಪಾಠ ಇತ್ತು."

ಮೆಕ್ಯಾನಿಕ್ ಸಾಹೇಬರು ಬ್ಯಾಟರಿ ಹಿಡಿದುಕೊಂಡೇ ಒಳಗೆ ಬಂದು ನಿಂತಿದ್ದರು. "ಯಾ ಅಲ್ಲಾ! ಇಂಜಿನ್ ಅವರದ, ಹಾರ್ನ್ ಸುದ್ದಾ ಅವರದ."

ನನಗೆ ಒಂದೇ ಮಾತು ಕೇಳಬೇಕಾಗಿತ್ತು. "ನನಗ ಯಾಕ ಹೇಳಲಿಲ್ಲ?"

"ನಾ ಅವತ್ತ ಹೇಳ್ತೇನಿ ಅಂದೆ. ಅವರು ಕೈ ಹಿಡದು ನಿಲ್ಲಿಸಿದ್ರು. 'ಅವರಿಗೆ ಹೇಳಬ್ಯಾಡ್ರಿ. ಒಂಬತ್ತನೇ ನಿಯಮ ತೆಗದು ಇಡೀ ತಂಡದ ಮಾರ್ಕು ಕಡಿತಾರ' ಅಂದ್ರು."

ನಾನು ಎದ್ದು ಕಪಾಟಿನಿಂದ ಫೈಲ್ ತೆಗೆದೆ. ಅವಳ ಅಕ್ಷರದಲ್ಲಿ ಒಂಬತ್ತು ನಿಯಮಗಳು. ಕೊನೆಯದನ್ನು ಗಟ್ಟಿಯಾಗಿ ಓದಿದೆ: 'ಪರದೆಯ ಹಿಂದಿನಿಂದ ಸಂಭಾಷಣೆ ಹೇಳಿಕೊಟ್ಟದ್ದು ಕಂಡುಬಂದರೆ ತಂಡಕ್ಕೆ ಐದು ಅಂಕ ಕಡಿತ.'

"ಅಕಿ ಪರದೆ ಹಿಂದ ಇರಲಿಲ್ಲ," ಎಂದೆ. "ರಂಗದ ನಡುವ ಇದ್ಲು. ನಿಯಮ ಅನ್ವಯ ಆಗೂದಿಲ್ಲ. ಹೆದರೂ ಕಾರಣ ಇರಲಿಲ್ಲ."

"ಅದನ್ನೂ ಅವರು ಹೇಳಿದ್ರು ಸರ್. 'ನಾ ಪರದೆ ಹಿಂದ ಇರಲಿಲ್ಲ, ನನಗೂ ಗೊತ್ತೈತಿ. ಆದ್ರ ಅವರಿಗೆ ಗೊತ್ತಾದ್ರ ಸಂಜಿಗೆ ನಿಯಮ ತಿದ್ದಿ, ಮುಂಜಾನಿಗೆ ಕಡಿತಾರ' ಅಂದ್ರು."

ಇದು ಸರಿ. ತಿದ್ದುತ್ತಿದ್ದೆ.

ಅಂಕಗಳ ಹಾಳೆ ಅದೇ ಫೈಲಿನಲ್ಲಿತ್ತು. ಕೆಂಪು ಪೆನ್ನು ತೆಗೆದುಕೊಂಡೆ. ಸಂಭಾಷಣೆಯ ಎರಡರ ಮೇಲೆ ಒಂದೇ ಗೆರೆ ಎಳೆದು, ಹಳೆಯ ಅಂಕಿ ಕಾಣುವ ಹಾಗೆ, ಪಕ್ಕದಲ್ಲಿ ಹತ್ತು ಬರೆದು ಸಹಿ ಮಾಡಿದೆ. 'ಅನಗತ್ಯ ತುಟಿ ಚಲನೆ'ಯಿಂದ 'ಅನಗತ್ಯ' ಹೊಡೆದು, ಕಡಿದ ಒಂದು ಅಂಕ ವಾಪಸು ಕೊಟ್ಟೆ. ಒಟ್ಟು ನೂರಾ ಮೂವತ್ಮೂರು. ಆದರೆ ತಿದ್ದುಪಡಿಗೆ ಮೂವರೂ ತೀರ್ಪುಗಾರರ ಒಪ್ಪಿಗೆ ಬೇಕು, ಅದು ಆರನೆಯ ನಿಯಮ. ಫೋನ್ ಹಚ್ಚಿದೆ. ರಾಮನಗರದವರು ಪೂರ್ತಿ ಕೇಳಿ, "ನಾ ಏನ್ ಹೇಳಿದ್ದೆ? ತುಟಿ ನೋಡ್ರಿ ಅಂದಿದ್ದೆ," ಎಂದರು. ಮುಂಡಗೋಡದ ಮುಖ್ಯಗುರುಗಳಿಗೆ ಈಗ ಕಿವಿ ಸ್ವಲ್ಪ ಮಂದ. ನಾನು ನಾಲ್ಕು ನಿಮಿಷ ವಿವರಿಸಿದ ಮೇಲೆ, "ಭಾಳ ಛಲೋ ಆತು. ಎಲ್ಲಾರಿಗೂ ಎಂಟು ಹಾಕ್ರಿ," ಎಂದು ಫೋನ್ ಇಟ್ಟರು. ಒಪ್ಪಿಗೆ ಎಂದೇ ಬರೆದುಕೊಂಡೆ.

ಉಳಿದದ್ದು ಕಪ್ ಮೇಲಿನ ಹೆಸರು.

"ಅದನ್ನ ನನಗ ಬಿಡ್ರಿ," ಎಂದು ಮೆಕ್ಯಾನಿಕ್ ಸಾಹೇಬರು ಚೀಲದಿಂದ ಅರ ತೆಗೆದರು. "ಅಕ್ಕೋರ ಹೆಸರು ಎರಡು ನಿಮಿಷದಾಗ ಕೆರೀತೇನಿ. ಭಾಬಿ ಹೆಸರು ಬಜಾರದಾಗ ಹಾಕಿಸೂಣು."

"ಕೆರೀಬಾರದು," ಎಂದೆ. "ಹಳೇ ಹೆಸರಿನ ಮ್ಯಾಲೆ ಒಂದ ಗೆರಿ. ಹೊಸಾದು ಪಕ್ಕದಾಗ. ಕೆಳಗ ಸಹಿ, ತಾರೀಖು."

"ಸರ್, ಕಪ್ ಮ್ಯಾಲೆ ಸಹಿ ಮಾಡ್ತೀರೇನ್ರಿ!"

"ನನ್ನ ಹೆಸರು ಕೆರದ್ರೂ ಅಡ್ಡಿಯಿಲ್ಲ, ಹೊಡದ್ರೂ ಅಡ್ಡಿಯಿಲ್ಲ," ಎಂದರು ಅಕ್ಕೋರು. "ಏಳು ವರ್ಷ ಟ್ರಂಕಿನ ತಳಕ್ಕ ಇಟ್ಟೇನಿ. ಒಂದಿನ ಬಿಚ್ಚಿ ನೋಡಿಲ್ಲ. ನೋಡಾಕ ಮುಖ ಇರಲಿಲ್ಲ."

ಪೇಪರು ಬಿಚ್ಚಿದೆವು. ಕಪ್ ಹೆಂಚಿನ ಹಾಗೆ ಕಪ್ಪಾಗಿತ್ತು. ಒಂದಕ್ಷರವೂ ಕಾಣುತ್ತಿರಲಿಲ್ಲ. ಅಡುಗೆಮನೆಯಿಂದ ಹುಣಸೆಹಣ್ಣು ತಂದೆ. ಅಕ್ಕೋರು ಉಜ್ಜಿದರು, ಸಾಹೇಬರು ನೀರು ಹಾಕಿದರು, ನಾನು ಮೂಡಿದ ಅಕ್ಷರಗಳನ್ನು ಓದುತ್ತ ಹೋದೆ. ಮೊದಲು 'ನಾಟಕ ಸ್ಪರ್ಧೆ' ಬಂತು. ಆಮೇಲೆ 'ಅತ್ಯುತ್ತಮ'. ಆಮೇಲೆ 'ಪೋಷಕ ನಟಿ'. ಸಾಹೇಬರು ಅರವನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದು ಬಗ್ಗಿ ನಿಂತಿದ್ದರು. ಅಕ್ಕೋರು ಕೆಳಗಿನ ಸಾಲನ್ನು ಮತ್ತೊಮ್ಮೆ ಉಜ್ಜಿ, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದರು.

ಹೆಸರಿಗೆಂದು ಬಿಟ್ಟ ಜಾಗ ಖಾಲಿ ಇತ್ತು.